ಮುಧೋಳದ ಬೇಟೆನಾಯಿ: ನಮ್ಮ ಸೀಮೆಯ ಮನೆಗಳಲ್ಲಿ ಅದರ ಪೋಷಣೆ

ನಾಯಿಯನ್ನು ಸಾಕುವುದು ನಮ್ಮ ಸೀಮೆಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. 949-50ರ ಶಿಲಾಶಾಸನವೊಂದು ಇದಕ್ಕೆ ಸಾಕ್ಷಿಯಾಗಿದೆ. ಗಂಗರ ಅರಸನಾದ ಬೂತುಗನು ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಅರಸನ ಬಳಿಯಿದ್ದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಡನೆಯೇ ಮಡಿದುವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವು ತಟ್ಟುವುದೆಂದು ಬರೆಯಿಸಿದರು. ಸತ್ತ ನಾಯಿಯ ಕಲ್ಲಿಗೇ ಇಷ್ಟು ನಿತ್ಯನಿಯಮವನ್ನು ವಿಧಿಸಿದ ಹಿರಿಯರ ನಾಡಿನಲ್ಲಿ, ಬದುಕಿರುವ ನಾಯಿಗೆ ನಾವು ಸಲ್ಲಿಸತಕ್ಕ ನಿತ್ಯನಿಯಮವೇನೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡುವೆವು.

ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ತಾಲ್ಲೂಕುಗಳ ತೋಟದ ಮನೆಗಳವರಲ್ಲಿಯೂ ಪೇಟೆಯ ಕುಟುಂಬಗಳಲ್ಲಿಯೂ ಜಾತಿನಾಯಿಯೊಂದನ್ನು ತಂದು ಸಾಕಬೇಕೆಂಬ ಆಸೆ ಈಚೆಗೆ ಹೆಚ್ಚುತ್ತಿದೆ. ಪರದೇಶದ ದಟ್ಟ ತುಪ್ಪುಳಿನ ನಾಯಿಗಳು ನಮ್ಮ ಬಿಸಿಲಿನಲ್ಲಿ ಬಾಯ್ದೆರೆದು ಏದುವುದನ್ನು ಕಂಡ ಕೆಲವರು, ಕರ್ನಾಟಕದ್ದೇ ಆದ ಮುಧೋಳದ ನಾಯಿಯನ್ನು ತರುವುದು ಲೇಸೆಂದು ಎಣಿಸುತ್ತಾರೆ. ಎಣಿಕೆ ಸರಿಯಾದುದೇ. ಆದರೆ ಮುಧೋಳದ ಒಣ ಬಯಲಿಗೂ, ಕಬಿನಿ ಕಾವೇರಿಗಳ ನಾಲೆಯ ನೀರು ಹರಿಯುವ ನಮ್ಮ ಗದ್ದೆಬಯಲಿಗೂ ಅಂತರ ಬಹಳವಿದೆ. ಅಲ್ಲಿಯ ನಾಯಿಯನ್ನು ಇಲ್ಲಿ ಸುಖವಾಗಿಡಬೇಕಾದರೆ ಅದರ ಪ್ರಕೃತಿಯನ್ನೂ ನಮ್ಮ ನೆಲದ ಅಪಾಯಗಳನ್ನೂ ಎರಡನ್ನೂ ಅರಿತಿರಬೇಕು.

ಜಾತಿಯ ಪರಿಚಯ

ಮುಧೋಳವು ಇಂದಿನ ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕಿನ ಊರು. ಹಿಂದೆ ಘೋರ್ಪಡೆ ಮನೆತನದ ಅರಸರ ಸಂಸ್ಥಾನದ ರಾಜಧಾನಿ. ಅಲ್ಲಿಯ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ನಾಯಿಗಳ ಒಳ್ಳೆಯ ತಳಿಯನ್ನು ಆರಿಸಿ ಬೆಳೆಸಿ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜರಿಗೆ ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧವಾಗಿದೆ. ಈಗ ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಇದರ ಮರಿಗಳನ್ನು ಸೈನ್ಯದವರು ಮೀರತ್ತಿನ ತಮ್ಮ ಶಿಕ್ಷಣ ಕೇಂದ್ರಕ್ಕೆ ಒಯ್ದು ಪಳಗಿಸಿದರು.

ಇದು ಕಣ್ಣಿನಿಂದ ಬೇಟೆಯಾಡುವ ಜಾತಿಗೆ ಸೇರಿದುದು. ನೀಳವಾದ ಮುಖ, ಉದ್ದವಾದ ಕೊರಳು, ಆಳವಾದ ಎದೆ, ಒಳಸೇರಿದ ಹೊಟ್ಟೆ, ತೆಳುವಾದ ಚರ್ಮ, ನುಣುಪಾದ ಕಿರುಗೂದಲು ಇವು ಇದರ ಲಕ್ಷಣಗಳು. ಗಂಡುನಾಯಿಯು ಭುಜದವರೆಗೆ ಸುಮಾರು 70 ಸೆಂಟಿಮೀಟರು ಎತ್ತರವಾಗಿರುತ್ತದೆ; ಹೆಣ್ಣು ಅದಕ್ಕಿಂತ ತುಸು ಕಿರಿದು. ತೂಕವು ಸಾಮಾನ್ಯವಾಗಿ 20ರಿಂದ 28 ಕಿಲೋಗ್ರಾಮಿನೊಳಗೆ. ಮೈಯಲ್ಲಿ ಕೊಬ್ಬು ಅತ್ಯಲ್ಪ. ಕಡೆಯ ಎರಡು ಮೂರು ಪಕ್ಕೆಲುಬುಗಳು ತೆಳುವಾಗಿ ಕಾಣುವುದೇ ಇದರ ಆರೋಗ್ಯದ ಗುರುತು. ನೆರೆಯವರು “ನಿಮ್ಮ ನಾಯಿಗೆ ಊಟವಿಲ್ಲವೆ?” ಎಂದು ಕೇಳಿದರೆಂದು ನಾಚಿ ಅದನ್ನು ಕೊಬ್ಬಿಸಲು ಹೊರಡಕೂಡದು. ಸಣ್ಣ ಎಲುಬಿನ ಆ ಕಾಲುಗಳು ಹೊರಲಾರದ ಭಾರವನ್ನು ಹೊತ್ತರೆ ಕೀಲುಗಳು ಬೇಗನೆ ಕೆಡುವುವು.

ಸ್ವಭಾವದಲ್ಲಿ ಇದು ಮನೆಯವರಿಗೆ ವಿಧೇಯವಾದರೂ ಹೊರಗಿನವರ ಮೇಲೆ ಸುಲಭವಾಗಿ ಸಲಿಗೆಯನ್ನು ತೋರದು. ಹೊಡೆತವನ್ನೂ ಗದ್ದಲವನ್ನೂ ಸಹಿಸದು. ಬೆತ್ತದಿಂದ ಹೊಡೆದು ಪಳಗಿಸಿದ ಮುಧೋಳದ ನಾಯಿ ಹೆದರುಪುಕ್ಕಲಾಗುತ್ತದೆ. ಹೆದರಿದ ನಾಯಿಯೇ ಮೊದಲು ಕಚ್ಚುತ್ತದೆ. ಮರಿಯಾಗಿರುವಾಗಿನಿಂದಲೇ ಮೃದುವಾದ ಮಾತಿನಿಂದಲೂ ತಿನಿಸಿನ ಆಸೆಯಿಂದಲೂ ಕಲಿಸತಕ್ಕದ್ದು.

ಆಹಾರ

ನಮ್ಮ ಕಡೆಯಲ್ಲಿ ನಾಯಿಯ ಊಟವೆಂದರೆ ಉಳಿದ ಮುದ್ದೆ, ಉಳಿದ ಸಾರು, ಕಲಸಿದ ಮಜ್ಜಿಗೆಯನ್ನ. ರಾಗಿಯೂ ಅಕ್ಕಿಯೂ ನಾಯಿಗೆ ಕೆಡುಕಲ್ಲ. ಚೆನ್ನಾಗಿ ಬೆಂದಿದ್ದರೆ ಅವನ್ನು ಅದು ಅರಗಿಸಿಕೊಳ್ಳುವುದು. ಆದರೆ ಓಡುವುದಕ್ಕಾಗಿಯೇ ಹುಟ್ಟಿದ ಈ ಪ್ರಾಣಿಯ ಮಾಂಸಖಂಡಗಳು ಬರಿಯ ಮುದ್ದೆಯಿಂದ ಬೆಳೆಯಲಾರವು. ಮಾಂಸಾಹಾರವುಳ್ಳ ಮನೆಗಳಲ್ಲಿ ಮೂಳೆ ತೆಗೆದು ಬೇಯಿಸಿದ ಕೋಳಿಯನ್ನೋ ಮೊಟ್ಟೆಯನ್ನೋ ದಿನವೂ ಅನ್ನದೊಡನೆ ಕಲಸಿ ಹಾಕಬಹುದು. ಶಾಕಾಹಾರದ ಮನೆಯವರು ಮೊಸರು, ಬೇಯಿಸಿ ಮಸೆದ ಬೇಳೆಕಾಳು, ಪನ್ನೀರು ಇವನ್ನು ಕೊಡಬಹುದಾದರೂ, ಬೆಳೆಯುವ ಮರಿಗೆ ಇವಿಷ್ಟೇ ಸಾಲುವುವೆಂದು ನೆಚ್ಚದೆ, ನಾಯಿಗಳಿಗೆಂದೇ ತಯಾರಾದ ಒಣ ಆಹಾರವನ್ನು ಪಶುವೈದ್ಯರ ಸಲಹೆಯಂತೆ ಸೇರಿಸುವುದು ಕ್ಷೇಮ. ಕುಂಬಳ, ಕ್ಯಾರೆಟ್, ಹುರುಳಿಕಾಯಿಗಳನ್ನು ಬೇಯಿಸಿ ಬೆರೆಸಿದರೆ ಮಲವು ಸರಿಯಾಗುವುದು.

ಇಲ್ಲಿ ಗೃಹಿಣಿಯರು ಮುಖ್ಯವಾಗಿ ನೆನಪಿಡಬೇಕಾದ ಸಂಗತಿಯೊಂದುಂಟು. ನಮ್ಮ ಸಾರಿನಲ್ಲಿಯೂ ಹುಳಿಯಲ್ಲಿಯೂ ಬೀಳುವ ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಂದು ದಿನ ತಿಂದರೆ ಏನೂ ಕಾಣದಿರಬಹುದು; ದಿನವೂ ತಿಂದರೆ ನಾಯಿ ಬಿಳಿಚಿಕೊಂಡು ಸೊರಗುವುದು. ಪಾಯಸದಲ್ಲಿಯೂ ಕೇಸರಿಬಾತಿನಲ್ಲಿಯೂ ಹಾಕುವ ಒಣದ್ರಾಕ್ಷಿ, ಹಾಗೆಯೇ ಹಸಿ ದ್ರಾಕ್ಷಿ, ಇವು ಕೆಲವು ನಾಯಿಗಳ ಮೂತ್ರಪಿಂಡಗಳನ್ನು ಸ್ವಲ್ಪ ಪ್ರಮಾಣದಲ್ಲಿಯೇ ಕೆಡಿಸುತ್ತವೆ. ಚಾಕೊಲೇಟೂ ಸಕ್ಕರೆಗೆ ಬದಲಾಗಿ ಬಳಸುವ ಕ್ಸೈಲಿಟಾಲೆಂಬ ಸಿಹಿಯೂ ವಿಷಪ್ರಾಯವಾದುವು. ಬಾಡೂಟದ ದಿನ ಎಲೆಯಲ್ಲಿ ಉಳಿದ ಬೆಂದ ಮೂಳೆಗಳು ಚೂರುಚೂರಾಗಿ ಸೀಳಿ ಕರುಳನ್ನು ಚುಚ್ಚುವುವು. ಆದುದರಿಂದ ನಾಯಿಗೆಂದು ಅನ್ನವನ್ನು ಒಗ್ಗರಣೆಗೆ ಮುಂಚೆಯೇ ತೆಗೆದಿಡುವ ಪದ್ಧತಿ ಮನೆಯಲ್ಲಿ ಬಂದರೆ ಅರ್ಧ ರೋಗಗಳು ಬಾರವು.

ಬೆಳೆದ ನಾಯಿಗೆ ಹೊತ್ತಿಗೆ ಸರಿಯಾಗಿ ಎರಡು ಊಟ; ಮರಿಗೆ ಮೂರು ನಾಲ್ಕು. ಎದೆಯಾಳವಾದ ಜಾತಿಗಳಲ್ಲಿ ಹೊಟ್ಟೆ ತುಂಬ ಉಂಡೊಡನೆ ಓಡಿಸಿದರೆ ಜಠರವು ಉಬ್ಬಿ ತಿರುಚಿಕೊಳ್ಳುವ ಭಯವಿದೆ. ಹೊಟ್ಟೆ ತಮಟೆಯಂತೆ ಬಿಗಿದು, ನಾಯಿಯು ವಾಂತಿಗೆ ಹವಣಿಸಿದರೂ ಏನೂ ಬಾರದೆ ಚಡಪಡಿಸುತ್ತಿದ್ದರೆ, ಅದು ಗಂಟೆಗಳೊಳಗೆ ಪ್ರಾಣವನ್ನು ಒಯ್ಯುವ ರೋಗವೆಂದು ತಿಳಿದು ಒಡನೆಯೇ ವೈದ್ಯರ ಬಳಿಗೆ ಒಯ್ಯಬೇಕು. ಊಟದ ಹಿಂದುಮುಂದು ಒಂದೊಂದು ಗಂಟೆ ವಿಶ್ರಾಂತಿ ಕೊಡತಕ್ಕದ್ದು. ಕುಡಿಯುವ ನೀರು ಸದಾ ನೆರಳಿನಲ್ಲಿರಬೇಕು. ಈ ಗಾತ್ರದ ನಾಯಿಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರು ಬೇಕಾಗುವುದು, ಬೇಸಗೆಯಲ್ಲಿ ಇನ್ನೂ ಹೆಚ್ಚು.

ಓಟ, ಹಾಸಿಗೆ, ಸ್ನಾನ

ಮುಧೋಳದ ನಾಯಿಯನ್ನು ತಂದು ಹಗಲಿರುಳೂ ಸರಪಣಿಯಲ್ಲಿ ಕಟ್ಟಿಹಾಕುವುದು ಅತ್ಯಂತ ಕ್ರೂರವಾದ ಕೆಲಸ. ಓಟವಿಲ್ಲದ ಆ ನಾಯಿ ತನ್ನ ಕಾಲನ್ನೇ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ, ಕಂಡಕಂಡವರ ಮೇಲೆ ಹಾಯುತ್ತದೆ. ಅದಕ್ಕೆ ದಿನಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲದ ನಡಿಗೆಯೂ, ಬೇಲಿಯುಳ್ಳ ತೋಟದಲ್ಲಿ ಮನಸಾರೆ ಓಡುವ ಅವಕಾಶವೂ ಬೇಕು. ಮರಿಯನ್ನು ಮಾತ್ರ ಎಲುಬು ಬಲಿಯುವವರೆಗೆ, ಅಂದರೆ ಸುಮಾರು ಒಂದು ವರ್ಷದವರೆಗೆ, ಬಹುದೂರ ಓಡಿಸಕೂಡದು. ಹುಲ್ಲಹಳ್ಳಿ ನಾಲೆಯ ಏರಿ, ಮಾಧವಮಂತ್ರಿ ನಾಲೆಯ ಏರಿ ಇಂತಹ ತಂಪಾದ ದಾರಿಗಳು ಬೆಳಗಿನ ನಡಿಗೆಗೆ ಒಳ್ಳೆಯವು; ಆದರೆ ಹಗ್ಗವನ್ನು ಬಿಡಕೂಡದು. ಈ ನಾಯಿಯ ಕಣ್ಣಿಗೆ ಮೊಲವೋ ಬೆಕ್ಕೋ ಬಿತ್ತೆಂದರೆ, ಒಡೆಯನ ಕೂಗು ಕಿವಿಗೆ ಬೀಳುವಷ್ಟರಲ್ಲಿ ಅದು ಎರಡು ಹೊಲಗಳನ್ನು ದಾಟಿರುವುದು. ಕೊರಳು ತಲೆಗಿಂತ ದಪ್ಪವಾದುದರಿಂದ ಸಾಮಾನ್ಯವಾದ ಪಟ್ಟಿ ಜಾರಿಹೋಗುತ್ತದೆ. ಅಗಲವಾದ ಪಟ್ಟಿಯನ್ನೋ ಎದೆಗೆ ಕಟ್ಟುವ ಪಟ್ಟಿಯನ್ನೋ ಬಳಸುವುದು ಉತ್ತಮ.

ಬೇಟೆಯ ನಾಯಿಯೆಂದು ಹೆಸರಾದರೂ ಅದನ್ನು ಬೇಟೆಗೆ ಬಿಡುವ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಮೊಲವನ್ನು ಬೇಟೆಯಾಡುವುದು ಅಪರಾಧ. ಬಟ್ಟೆಯ ಚೆಂಡನ್ನು ಹಗ್ಗಕ್ಕೆ ಕಟ್ಟಿ ಎಳೆದು ಅಟ್ಟಿಸಿದರೆ ನಾಯಿಗೆ ಅದೇ ಉತ್ಸಾಹವು ಬರುವುದು. ಮನೆಯ ಮಕ್ಕಳಿಗೂ ವಿನೋದವಾಗುವುದು.

ಮೈಮೇಲೆ ಕೊಬ್ಬಾಗಲಿ ದಟ್ಟಗೂದಲಾಗಲಿ ಇಲ್ಲದುದರಿಂದ ಧನುರ್ಮಾಸದ ಚಳಿಯಲ್ಲಿ ಇದು ನಡುಗುತ್ತದೆ. ಬರಿಯ ಗಾರೆನೆಲದ ಮೇಲೆ ಮಲಗಿದರೆ ಮೊಣಕೈಯೂ ಸೊಂಟದ ಎಲುಬೂ ಜಡ್ಡುಗಟ್ಟಿ ಹುಣ್ಣಾಗುವುವು. ಗೋಣಿಚೀಲದೊಳಗೆ ಹಳೆಯ ಬಟ್ಟೆಗಳನ್ನು ತುಂಬಿ ಹೊಲಿದ ಹಾಸಿಗೆ ಸಾಕು. ವಾರಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕಬೇಕು. ಬೇಸಗೆಯಲ್ಲಿ ನಮ್ಮ ಬಿಸಿಲು 35 ಡಿಗ್ರಿ ಸೆಲ್ಸಿಯಸ್ ಮೀರುವ ದಿನಗಳಲ್ಲಿ ಹತ್ತು ಗಂಟೆಯ ಮೇಲೆ ನಾಯಿಯನ್ನು ಓಡಿಸಕೂಡದು. ನಾಲಿಗೆ ಕಡುಗೆಂಪಾಗಿ, ಜೊಲ್ಲು ಗಟ್ಟಿಯಾಗಿ, ನಡೆ ತೂರಾಡಿದರೆ ಬಿಸಿಲು ಬಡಿದಿದೆಯೆಂದು ತಿಳಿದು, ನೆರಳಿಗೆ ತಂದು ಮೈಮೇಲೆ ತಣ್ಣೀರು ಹೊಯ್ದು ಗಾಳಿ ಬೀಸುತ್ತ ವೈದ್ಯರ ಬಳಿಗೆ ಒಯ್ಯಬೇಕು.

ಕಿರುಗೂದಲಿನ ಈ ನಾಯಿಗೆ ತಿಂಗಳಿಗೊಂದು ಎರಡು ಸ್ನಾನ ಸಾಕು. ದಿನವೂ ಒದ್ದೆಬಟ್ಟೆಯಿಂದ ಒರಸಿ, ಒರಟು ಕೈಚೀಲದಿಂದ ಉಜ್ಜಿದರೆ ಮೈ ಮಿನುಗುವುದು. ಮನುಷ್ಯರ ಸಾಬೂನು ಅದರ ಚರ್ಮವನ್ನು ಒಣಗಿಸುತ್ತದೆ. ವಾರಕ್ಕೊಮ್ಮೆ ಕಿವಿಯನ್ನು ಮೂಸಿ ನೋಡಬೇಕು. ದುರ್ವಾಸನೆಯಿದ್ದರೆ ಒಳಗೆ ಕೆಟ್ಟಿದೆಯೆಂದೇ ಅರ್ಥ. ಹಲ್ಲುಗಳನ್ನು ಉಜ್ಜುವ ಅಭ್ಯಾಸವನ್ನೂ ಮರಿಯಲ್ಲಿಯೇ ಮಾಡಿಸಬಹುದು. ನಂಜನಗೂಡಿನ ಹಲ್ಲುಪುಡಿ ನಾಡಿಗೆಲ್ಲ ಹೆಸರಾದುದಾದರೂ ಅದು ಉಗುಳಬಲ್ಲ ಮನುಷ್ಯರಿಗೆ, ನಾಯಿಯು ಉಗುಳಲರಿಯದು. ಆದುದರಿಂದ ನಾಯಿಗಳಿಗೆಂದೇ ಇರುವ ಔಷಧವನ್ನಾಗಲಿ ಬರಿಯ ಒದ್ದೆಬಟ್ಟೆಯನ್ನಾಗಲಿ ಉಪಯೋಗಿಸತಕ್ಕದ್ದು.

ರೋಗಗಳೂ ಲಸಿಕೆಗಳೂ

ಮರಿಯ ಕಾಲದಲ್ಲಿ ಬರುವ ಎರಡು ಮಹಾಮಾರಿಗಳು ಪಾರ್ವೋ ಮತ್ತು ಡಿಸ್ಟೆಂಪರ್. ಮೊದಲನೆಯದರಲ್ಲಿ ವಾಂತಿಯೂ ರಕ್ತಮಿಶ್ರವಾದ ದುರ್ಗಂಧದ ಭೇದಿಯೂ ಆಗಿ ಎರಡು ಮೂರು ದಿನಗಳಲ್ಲಿ ಮರಿ ಸಾಯುತ್ತದೆ. ಅದರ ವಿಷಾಣುವು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಿಸಿರಬಲ್ಲದು. ಎರಡನೆಯದರಲ್ಲಿ ಕಣ್ಣು ಮೂಗುಗಳಿಂದ ಕೀವು ಸುರಿದು, ಕಡೆಗೆ ಸೆಳೆವು ಬರುವುದು. ಇವೆರಡಕ್ಕೂ ಲಸಿಕೆಯುಂಟು. ಆರರಿಂದ ಎಂಟು ವಾರದ ಮರಿಗೆ ಮೊದಲ ಚುಚ್ಚುಮದ್ದು. ಆಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರಗಳು ತುಂಬುವವರೆಗೆ. ಲಸಿಕೆಗಳು ಮುಗಿಯುವ ತನಕ ಮರಿಯನ್ನು ಬೀದಿಗೂ ಸಂತೆಗೂ ಒಯ್ಯಕೂಡದು. ಜಂತುಹುಳುವಿನ ಔಷಧವನ್ನು ಎರಡು ವಾರದ ಮರಿಯಿಂದ ಮೊದಲುಮಾಡಿ ಮೂರು ತಿಂಗಳವರೆಗೆ ಹದಿನೈದು ದಿನಗಳಿಗೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ನಾಯಿಯ ಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆಯನ್ನೂ ಸೇರುವುದರಿಂದ, ಅಂಗಳದ ಮಲವನ್ನು ದಿನವೂ ತೆಗೆದು ಹೂಳುವುದೂ ಮಕ್ಕಳ ಕೈ ತೊಳೆಯಿಸುವುದೂ ಅವಶ್ಯ.

ನಮ್ಮ ಬೆಚ್ಚನೆಯ ತೇವದ ಸೀಮೆಯಲ್ಲಿ ವರ್ಷವೆಲ್ಲ ಕಾಡುವ ಶತ್ರು ಉಣ್ಣೆ. ಒಂದು ಹೆಣ್ಣು ಉಣ್ಣೆ ರಕ್ತವನ್ನು ಕುಡಿದು ಕೆಳಗಿಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ಆದುದರಿಂದ ನಾಯಿಯ ಮೈಯೊಂದನ್ನೇ ಶುದ್ಧಮಾಡಿದರೆ ಸಾಲದು, ಮಲಗುವ ಜಾಗದ ಬಿರುಕುಗಳನ್ನೂ ಮುಚ್ಚಬೇಕು. ಉಣ್ಣೆಯಿಂದ ಹರಡುವ ಜ್ವರದಲ್ಲಿ ನಾಯಿ ಊಟವನ್ನು ಬಿಟ್ಟು, ಒಸಡು ಬಿಳಿಚಿ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುವುದು. ನಾಯಿಯ ಸಹಜವಾದ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್; ಅದಕ್ಕೆ ಮೀರಿದರೆ ಜ್ವರವೆನ್ನಬೇಕು. ಬೇಗನೆ ಕಂಡುಹಿಡಿದರೆ ಇದು ಗುಣವಾಗುವ ರೋಗ. ಉಣ್ಣೆಗೆಂದು ಸೀಮೆಎಣ್ಣೆಯನ್ನಾಗಲಿ ಬೆಳೆಗೆ ಸಿಂಪಡಿಸುವ ಕ್ರಿಮಿನಾಶಕವನ್ನಾಗಲಿ ನಾಯಿಯ ಮೈಗೆ ಬಳಿಯುವುದು ಅದರ ತೆಳುಚರ್ಮದ ಮೂಲಕ ವಿಷವನ್ನು ಇಳಿಸಿದಂತೆಯೇ ಸರಿ. ಹಾಗೆಯೇ ಜ್ವರಕ್ಕೆಂದು ಮನುಷ್ಯರ ಮಾತ್ರೆಗಳನ್ನು, ಅದರಲ್ಲಿಯೂ ಪ್ಯಾರಾಸಿಟಮಾಲನ್ನು, ತಾವಾಗಿಯೇ ಕೊಡಕೂಡದು.

ಮಳೆಗಾಲದಲ್ಲಿ ಗದ್ದೆಯ ನೀರಿಗೂ ಇಲಿಯ ಮೂತ್ರಕ್ಕೂ ಸಂಬಂಧಪಟ್ಟ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರವು ನಾಯಿಗೂ ಮನುಷ್ಯರಿಗೂ ಬರುವುದು. ಕಣ್ಣು ಹಳದಿಯಾಗುವುದು, ಮೂತ್ರವು ಕಂದಾಗುವುದು ಇದರ ಗುರುತುಗಳು. ಬತ್ತದ ಬಯಲಿನಲ್ಲಿರುವ ಮನೆಯವರು ಇದಕ್ಕೂ ಸೇರಿದ ಲಸಿಕೆಯನ್ನೇ ಹಾಕಿಸುವುದು ಒಳ್ಳೆಯದು. ಮರಿಗಳು ಬೇಡವೆನ್ನುವವರು ಹೆಣ್ಣುನಾಯಿಗೆ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿದರೆ, ನಡುವಯಸ್ಸು ಮೀರಿದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಪಾಯದ ರೋಗವೂ ತಪ್ಪುತ್ತದೆ. ಆದರೆ ಮುಧೋಳದ ನಾಯಿಯಂತಹ ಕೊಬ್ಬಿಲ್ಲದ ಜಾತಿಗಳಿಗೆ ಕೆಲವು ಹಳೆಯ ಮತ್ತಿನ ಔಷಧಗಳ ಪರಿಣಾಮವು ಬಹುಹೊತ್ತು ಇಳಿಯದು. ಶಸ್ತ್ರಚಿಕಿತ್ಸೆಗೆ ಮುನ್ನ ಜಾತಿಯನ್ನೂ ಸರಿಯಾದ ತೂಕವನ್ನೂ ವೈದ್ಯರಿಗೆ ತಿಳಿಸಲು ಮರೆಯಬಾರದು.

ಹುಚ್ಚುರೋಗ

ಇದುವರೆಗೆ ಹೇಳಿದುದು ನಾಯಿಯ ಕ್ಷೇಮ. ಇನ್ನು ಹೇಳುವುದು ಮನೆಯವರ ಪ್ರಾಣ. ರೇಬೀಸ್ ಅಥವಾ ಹುಚ್ಚುರೋಗದಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನರು ಸಾಯುವರೆಂದೂ, ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಡಿತಕ್ಕೆ ಸಿಕ್ಕುವವರಲ್ಲಿ ಮಕ್ಕಳೇ ಬಹಳ. ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ತೋರುವ ಮುನ್ನ ಇದನ್ನು ತಡೆಯುವುದು ಪೂರ್ಣವಾಗಿ ನಮ್ಮ ಕೈಯಲ್ಲಿದೆ. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪ್ಯಾಶ್ಚರರು ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಲಸಿಕೆ ಹಾಕಿ ಉಳಿಸಿದರು. ನಮ್ಮ ನಂಜನಗೂಡು ಗುಂಡ್ಲುಪೇಟೆಗಳ ದಾರಿಯಲ್ಲಿ ಏರಿಹೋದರೆ ಸಿಕ್ಕುವ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿಯೇ ಅವರ ಹೆಸರಿನ ಸಂಸ್ಥೆಯು ಸ್ಥಾಪಿತವಾಯಿತು. ಇಷ್ಟು ಕಾಲವಾದ ಮೇಲೂ ಒಂದು ಮಗು ಈ ರೋಗದಿಂದ ಸಾಯುವುದಾದರೆ ಅದಕ್ಕೆ ವಿಧಿಯನ್ನು ದೂರಲಾಗದು.

“ಬೊಗಳುವ ನಾಯಿ ಕಚ್ಚುವುದಿಲ್ಲ” ಎಂಬ ಗಾದೆಯನ್ನು ಈ ವಿಷಯದಲ್ಲಿ ನಂಬಕೂಡದು. ಹುಚ್ಚು ಹಿಡಿದ ನಾಯಿಯು ಯಾವಾಗಲೂ ಕೆರಳಿ ಅಟ್ಟಿಬರುವುದಿಲ್ಲ. ಕೆಲವು ಮೂಲೆ ಸೇರಿ, ದವಡೆ ಜೋತು, ಜೊಲ್ಲು ಸುರಿಸುತ್ತ ಮೂಕವಾಗಿ ಬಿದ್ದಿರುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಅದರ ಬಾಯೊಳಗೆ ಕೈಹಾಕುವುದು ದೊಡ್ಡ ಅಪಾಯ. ಸಾಕಿದ ನಾಯಿಗೆ ಮೂರು ತಿಂಗಳು ತುಂಬಿದ ಮೇಲೆ ಹುಚ್ಚುರೋಗದ ಲಸಿಕೆ ಹಾಕಿಸಿ, ವರ್ಷಕ್ಕೊಮ್ಮೆ ತಪ್ಪದೆ ಹಾಕಿಸುತ್ತಿರಬೇಕು. ಪ್ಯಾಶ್ಚರರು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ರೇಬೀಸ್ ದಿನವೆಂದು ಆಚರಿಸುವುದರಿಂದ, ಆ ದಿನವನ್ನು ಪಂಚಾಂಗದಲ್ಲಿ ಗುರುತುಮಾಡಿಕೊಂಡರೆ ನೆನಪು ತಪ್ಪದು.

ಯಾವ ನಾಯಿ ಕಚ್ಚಿದರೂ, ಮನೆಯ ನಾಯಿಯೇ ಆದರೂ, ಗಾಯವನ್ನು ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಕಾರದ ಪುಡಿ, ಕಾಫಿಪುಡಿ, ಅರಿಸಿನ ಇವನ್ನು ಮೆತ್ತಕೂಡದು, ಕಟ್ಟು ಕಟ್ಟಕೂಡದು. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಮೊದಲುಮಾಡಿ, ವೈದ್ಯರು ಹೇಳಿದ ದಿನಗಳಲ್ಲೆಲ್ಲ ತಪ್ಪದೆ ಹಾಕಿಸಿಕೊಳ್ಳಬೇಕು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವೂ ಬೇಕಾಗುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆಯನ್ನು ಉಚಿತವಾಗಿ ಹಾಕುವ ಏರ್ಪಾಡುಂಟು. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲದೆ ಹತ್ತು ದಿನ ನೋಡುತ್ತಿರುವುದು ಸರಿಯಾದ ಕ್ರಮ. ಆದರೆ ಹತ್ತು ದಿನ ಕಳೆಯಲೆಂದು ಲಸಿಕೆಯನ್ನು ತಡಮಾಡಬಾರದು.

ನಮ್ಮ ನೆಲದ ವಿಶೇಷ ಅಪಾಯಗಳು

ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ಚಿರತೆಯ ದಾಳಿಗೆ ನಾಲ್ವರು ತುತ್ತಾದುದನ್ನು ವಾಚಕರು ಮರೆತಿರಲಾರರು. ಆಮೇಲೆ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯು ರಚಿತವಾಯಿತು. ಕಬ್ಬಿನ ಗದ್ದೆಯು ಚಿರತೆಗೆ ಅಡಗುವ ತಾಣ. ಊರಿನ ನಾಯಿ ಅದಕ್ಕೆ ಸುಲಭವಾದ ಆಹಾರ. ಹಿತ್ತಲಲ್ಲಿ ಕಟ್ಟಿಹಾಕಿದ ನಾಯಿಯು ಓಡಲೂ ಆರದೆ ಹೋರಾಡಲೂ ಆರದೆ ಸಾಯುವುದಲ್ಲದೆ, ಚಿರತೆಯನ್ನು ಮನೆಯ ಬಾಗಿಲವರೆಗೆ ಕರೆತರುತ್ತದೆ. ಎಷ್ಟು ಧೀರವಾದ ಮುಧೋಳದ ನಾಯಿಯಾದರೂ ಚಿರತೆಗೆ ಸರಿಸಾಟಿಯಲ್ಲ. ಕತ್ತಲಾಗುವುದಕ್ಕೆ ಮುಂಚೆಯೇ ನಾಯಿಯನ್ನು ಮನೆಯೊಳಗೋ ಗಟ್ಟಿಯಾದ ಬಾಗಿಲುಳ್ಳ ಕೊಟ್ಟಿಗೆಯೊಳಗೋ ಸೇರಿಸಬೇಕು. ಮಾಂಸದ ಎಂಜಲನ್ನು ಹಿತ್ತಲಿಗೆ ಎಸೆಯಕೂಡದು. ಕಾವಲಿಗೆಂದು ಹೊರಗೆ ಕಟ್ಟುವವರಿಗೆ ನಮ್ಮದೊಂದು ಮಾತು: ಒಳಗಿನಿಂದ ಬೊಗಳುವ ನಾಯಿಯೂ ಕಾವಲಿನ ನಾಯಿಯೇ.

ಕಬ್ಬಿನ ಗರಿಯ ಅಲಗು ಈ ನಾಯಿಯ ತೆಳುಚರ್ಮವನ್ನು ಕೊಯ್ಯುತ್ತದೆ. ಗದ್ದೆಯ ಬದುಗಳಲ್ಲಿ ಕೊಳಕುಮಂಡಲದ ಭಯವುಂಟು. ನಾಯಿಯ ಮುಖವಾಗಲಿ ಕಾಲಾಗಲಿ ಇದ್ದಕ್ಕಿದ್ದಂತೆ ಬಾತುಕೊಂಡರೆ, ಕೊಯ್ದು ರಕ್ತ ತೆಗೆಯುವ ಪ್ರಯತ್ನವನ್ನು ಮಾಡದೆ, ನಡೆಯಿಸದೆ ಎತ್ತಿಕೊಂಡು ಪಶುವೈದ್ಯರ ಬಳಿಗೆ ಒಯ್ಯಬೇಕು. ಇಲಿಪಾಷಾಣವನ್ನೂ ಕ್ರಿಮಿನಾಶಕದ ಬರಿದಾದ ಡಬ್ಬಿಗಳನ್ನೂ ನಾಯಿಗೆ ಎಟುಕದಂತೆ ಇಡತಕ್ಕದ್ದು.

ಕಪಿಲೆಯ ಪ್ರವಾಹವು ಇನ್ನೊಂದು. 2018ರಲ್ಲಿಯೂ 2019ರಲ್ಲಿಯೂ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟವೂ ತಗ್ಗಿನ ಬೀದಿಗಳೂ ಮುಳುಗಿದುವು. ಅಂತಹ ದಿನಗಳಲ್ಲಿ ಮನೆ ಬಿಡುವವರು ನಾಯಿಯನ್ನು ಜೊತೆಯಲ್ಲಿ ಕರೆದೊಯ್ಯಬೇಕು. ಅದು ಎಷ್ಟು ಮಾತ್ರವೂ ಸಾಧ್ಯವಿಲ್ಲವಾದರೆ ಸರಪಣಿಯನ್ನಾದರೂ ಬಿಚ್ಚಬೇಕು. ಶ್ರೀಕಂಠೇಶ್ವರನ ದೊಡ್ಡ ಜಾತ್ರೆ, ದೀಪಾವಳಿ ಇಂತಹ ಸಂದಣಿ ಸದ್ದುಗಳ ದಿನಗಳಲ್ಲಿ, ಗದ್ದಲಕ್ಕೆ ಬೆದರುವ ಈ ನಾಯಿಯನ್ನು ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ಇರಿಸಿ, ಮನೆಯವರೊಬ್ಬರು ಬಳಿಯಲ್ಲಿದ್ದರೆ ಸಾಕು.

ತರುವ ಮುನ್ನ

ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ರೋಗವು ನಂಜನಗೂಡಿನ ದೇವರ ಸೇವೆಯಿಂದ ವಾಸಿಯಾಯಿತೆಂದೂ, ಸುಲ್ತಾನನು ಆ ದೇವರನ್ನು ಹಕೀಮ್ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ನಮ್ಮ ಸೀಮೆಯಲ್ಲಿ ಪ್ರತೀತಿಯುಂಟು. ಮೂಕಪ್ರಾಣಿಯ ನೋವಿಗಾಗಿ ಅರಸನೂ ದೇವರ ಬಾಗಿಲಿಗೆ ಬಂದನೆಂಬ ಕಥೆಯನ್ನು ಹೇಳಿಕೊಂಡು ಬಂದ ಊರಿನಲ್ಲಿ, ರೋಗ ಬಂದ ನಾಯಿಯನ್ನು ಸಂತೆಮಾಳದಲ್ಲಿ ಬಿಟ್ಟುಬರುವುದು ಶೋಭಿಸದು. ಬೆಲೆ ಕೊಟ್ಟು ತಂದ ಜಾತಿನಾಯಿಗಳನ್ನು ಎರಡು ವರ್ಷ ಕಳೆಯುವಷ್ಟರಲ್ಲಿ ಬೇಡವೆಂದು ಬೀದಿಗೆ ಬಿಡುವವರು ಉಂಟು. ಹಾಗೆ ಬಿಟ್ಟ ನಾಯಿ ಲಸಿಕೆಯಿಲ್ಲದೆ ಅಲೆದು, ನಾಳೆ ಯಾರ ಮನೆಯ ಮಗುವನ್ನು ಕಚ್ಚುವುದೋ ಹೇಳಬಲ್ಲವರಾರು?

ಆದುದರಿಂದ ಮರಿಯನ್ನು ತರುವ ಮುನ್ನ ಮನೆಯವರೆಲ್ಲ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ದಿನವೂ ಬೆಳಿಗ್ಗೆ ಒಂದು ಗಂಟೆ ಅದರೊಡನೆ ನಡೆಯುವವರು ಯಾರು? ಎತ್ತರವಾದ ಬೇಲಿಯುಂಟೆ? ಮನೆಯವರು ಊರಿಗೆ ಹೋದರೆ ಅನ್ನ ಹಾಕುವವರು ಯಾರು? ಈ ಜಾತಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ಇಂದು ಮರಿಯನ್ನು ಬೇಡುವ ಮಗನು ಕಾಲೇಜಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಇವಕ್ಕೆಲ್ಲ ಉತ್ತರವಿದ್ದರೆ, ಎಂಟು ವಾರಕ್ಕೆ ಕಡಿಮೆಯಿಲ್ಲದ ಮರಿಯನ್ನು, ತಾಯಿಯನ್ನು ಕಣ್ಣಾರೆ ಕಂಡು, ಲಸಿಕೆಯ ಚೀಟಿಯೊಡನೆ ತರಬಹುದು. ಉತ್ತರವಿಲ್ಲದಿದ್ದರೆ ಬೀದಿಯಲ್ಲಿ ಬೆಳೆದ ನಮ್ಮ ನಾಡನಾಯಿಯ ಮರಿಯೊಂದನ್ನು ಸಾಕಬಹುದು. ಅದು ನಮ್ಮ ಹವೆಗೆ ಹೊಂದಿದುದು, ಅಷ್ಟು ಓಟವನ್ನು ಬೇಡದು, ಬೇಗನೆ ರೋಗಕ್ಕೆ ಸೋಲದು. ಅದಕ್ಕೂ ಲಸಿಕೆ, ನೀರು, ನೆರಳು, ರಾತ್ರಿಯ ಬಾಗಿಲು ಇವು ಅಷ್ಟೇ ಅಗತ್ಯ.

ಈ ಲೇಖನವನ್ನು ಓದಿದವರು ತಮ್ಮ ಮನೆಯ ನಾಯಿಗೆ ಹುಚ್ಚುರೋಗದ ಲಸಿಕೆ ಹಾಕಿಸಿ ಎಷ್ಟು ತಿಂಗಳಾಯಿತೆಂಬುದನ್ನು ಒಮ್ಮೆ ಚೀಟಿ ತೆಗೆದು ನೋಡಲಿ. ವರ್ಷ ಕಳೆದಿದ್ದರೆ ಈ ವಾರದಲ್ಲಿಯೇ ತಾಲ್ಲೂಕಿನ ಪಶುವೈದ್ಯಶಾಲೆಗೆ ಅದನ್ನು ಕರೆದೊಯ್ಯಲಿ. ಮಿಕ್ಕ ಉಪಚಾರಗಳನ್ನು ನಿಧಾನವಾಗಿ ಕಲಿಯಬಹುದು. ಇದೊಂದನ್ನು ನಾಳೆಗೆ ನೂಕಬಾರದೆಂದು ವಾಚಕರಲ್ಲಿ ಪ್ರಾರ್ಥಿಸುವೆವು.